ಮಗುವಿಗೆಂದು ಕೂಡಿದ ಹಣ ಉಳಿದರೆ ಯಾರದು?

ಪ್ರಶ್ನೆ: ನನ್ನ ಮೊಮ್ಮಗುವಿಗೆ ಎಸ್‌ಎಂಎ ಕಾಯಿಲೆ. ಒಂದು ಇಂಜೆಕ್ಷನ್‌ಗೆ 16 ಕೋಟಿ ಎಂದರು. ಬಂಧುಗಳು, ಅಪಾರ್ಟ್‌ಮೆಂಟಿನವರು, ಗುರುತೇ ಇಲ್ಲದವರು ಹಣ ಹಾಕಿದರು. ಮೊತ್ತ ತುಂಬುವ ಮೊದಲೇ, ಒಂದೂಕಾಲು ವರ್ಷಕ್ಕೆ ಮಗು ಹೋಗಿಬಿಟ್ಟಿತು. ಉಳಿದ ಹಣದಲ್ಲಿ ಅದರ ಸದ್ಗತಿಗೆ ದೊಡ್ಡದಾಗಿ ಕರ್ಮ ಮಾಡಿಸಿ, ಊರಿನ ದೇವಸ್ಥಾನದಲ್ಲಿ ಮಗುವಿನ ಹೆಸರಲ್ಲಿ ಅನ್ನದಾನದ ನಿಧಿ ಇಡಬಹುದೇ? ಕೊಟ್ಟವರಲ್ಲಿ ಕೆಲವರು ‘ದಾನ ಕೊಟ್ಟಾಯಿತು, ಇನ್ನು ಅದು ನಿಮ್ಮದೇ’ ಅನ್ನುತ್ತಾರೆ.
– ಹೆಸರು ಬೇಡ ಎಂದವರು, ಬೆಂಗಳೂರು

ಉತ್ತರ: ಮಗುವಿನ ತಂದೆತಾಯಿಗೂ ನಿಮಗೂ ಭಗವಂತ ಧೈರ್ಯ ಕೊಡಲಿ. ಇಂಥ ಹೊತ್ತಿನಲ್ಲೂ ಹಣದ ನ್ಯಾಯ ಕೇಳಬೇಕು ಅನ್ನಿಸಿತಲ್ಲ, ಅದು ನಿಮ್ಮ ಮನೆಯ ಸಂಸ್ಕಾರ.

ಕರ್ಮದ ವಿಷಯ ಮೊದಲು ಮುಗಿಸುತ್ತೇನೆ. ಎರಡು ವರ್ಷ ತುಂಬದ ಮಗುವಿಗೆ ದಹನವಿಲ್ಲ, ಭೂಮಿಗೆ ಒಪ್ಪಿಸುವುದು. ಸೂತ್ರದಿಂದ ಸೂತ್ರಕ್ಕೆ ಅಲ್ಪಸ್ವಲ್ಪ ವ್ಯತ್ಯಾಸ ಇದ್ದರೂ ಸಪಿಂಡೀಕರಣ, ವರ್ಷಾಬ್ದಿಕ ಇವೆಲ್ಲ ಆ ವಯಸ್ಸಿಗೆ ವಿಧಿಸಿದ್ದಲ್ಲ. ನಾರಾಯಣಬಲಿ ಆಗಲೇಬೇಕು ಎಂದು ಯಾರಾದರೂ ಹೆದರಿಸಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಅದು ದುರ್ಮರಣಕ್ಕೆ ಹೇಳಿದ್ದು. ದಕ್ಷಿಣೆಯ ಮೇಲೆ ಬದುಕುವ ನಾನೇ ಇದನ್ನು ಬರೆಯುತ್ತಿದ್ದೇನೆ.

ಇನ್ನು ಹಣ. ‘ಕೊಟ್ಟಾಯಿತು, ನಿಮ್ಮದೇ’ ಅನ್ನುವುದು ಅವರ ದೊಡ್ಡ ಮನಸ್ಸು, ಆದರೆ ಅರ್ಧ ಮಾತು. ಹೋಮದಲ್ಲಿ ಆಹುತಿ ಬಿಡುವಾಗ ‘ನ ಮಮ’ ಅನ್ನುತ್ತೇವೆ. ಅದಕ್ಕೂ ಮೊದಲು ಇದು ಇಂಥ ದೇವತೆಗೆ ಎಂದು ಹೇಳಿರುತ್ತೇವೆ. ನನ್ನದಲ್ಲ ಎಂದ ಮಾತ್ರಕ್ಕೆ ಪಕ್ಕದಲ್ಲಿ ಕೂತ ಪುರೋಹಿತನದು ಆಗಿಬಿಡುತ್ತದೆಯೇ? ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಈ ವಿಚಾರವೇ ಬರುತ್ತದೆ: ಧರ್ಮಕಾರ್ಯಕ್ಕೆಂದು ಬೇಡಿದವನಿಗೆ ಕೊಟ್ಟದ್ದು ಆಮೇಲೆ ಆ ಕಾರ್ಯಕ್ಕೆ ಆಗದೇ ಹೋದರೆ, ಅದು ಕೊಟ್ಟಂತಲ್ಲ. ನಿಮ್ಮಲ್ಲಿ ಮೋಸವಿಲ್ಲ, ವಿಧಿ ಹಾಗಾಯಿತು. ಆದರೂ ಆ ಹಣಕ್ಕೆ ನಿಯಮ ಇದೇ.

ನಮ್ಮ ದೇವಲಾಪುರದ ಕಡೆ ಮದುವೆಗೆ ಮುಯ್ಯಿ ಬರೆಸುತ್ತಾರೆ. ಆ ದುಡ್ಡಲ್ಲಿ ಸೀರೆ ತಗೊಳ್ಳಿ, ಸಾಲ ತೀರಿಸಿ, ಯಾರೂ ಕೇಳಲ್ಲ. ಅವರ ಮನೆಯ ಮದುವೆಗೆ ವಾಪಸು ಮಾಡಿದರಾಯಿತು. ಚಿಕಿತ್ಸೆಗೆ ಬಂದದ್ದು ಮುಯ್ಯಿ ಅಲ್ಲ. ನೂರು ರೂಪಾಯಿ ಹಾಕಿದವರು ನಿಮ್ಮಿಂದ ಏನೂ ವಾಪಸು ಬಯಸಲಿಲ್ಲ, ಆ ಮಗು ಉಸಿರಾಡಲಿ ಅಂದರು ಅಷ್ಟೆ.

ಇದರಲ್ಲಿ ಬೇರೆ ಮಕ್ಕಳ ಪಾಲೂ ಇದೆ. ಬೆನ್ನುಹುರಿಯ ನರಕೋಶ ಕ್ಷೀಣಿಸಿ ಸ್ನಾಯು ಸೋಲುವ ಈ ಕಾಯಿಲೆಗೆ, ಒಂದೇ ಸಲ ಕೊಡುವ ಝೋಲ್ಜೆನ್ಸ್ಮಾ ಔಷಧವನ್ನು ಅಮೆರಿಕದಲ್ಲಿ ಎರಡು ವರ್ಷದೊಳಗಿನ ಮಕ್ಕಳಿಗೆ ಒಪ್ಪಿದ್ದು 2019ರಲ್ಲಿ. ಅಪರೂಪದ ಕಾಯಿಲೆಗಳ ಬಗ್ಗೆ ಕೇಂದ್ರ ಸರ್ಕಾರ 2021ರಲ್ಲಿ ನೀತಿ ಮಾಡಿತು, ಮರುವರ್ಷ ನೆರವನ್ನು 50 ಲಕ್ಷದವರೆಗೆ ಏರಿಸಿತು. ಮಿಕ್ಕ ಕೋಟಿಗಳಿಗೆ ತಾಯಿತಂದೆಯರು ಜನರ ಮುಂದೆ ಸೆರಗೊಡ್ಡಬೇಕು. 2021ರಲ್ಲಿ ಬೆಂಗಳೂರಿನ ಒಂದು ಮಗುವಿಗೆ ಹೀಗೆ ಜನರೇ ಸೇರಿಸಿಕೊಟ್ಟರು. ಒಂದು ಮನೆಯಲ್ಲಿ ಲೆಕ್ಕ ಕೆಟ್ಟರೆ ಮುಂದಿನ ಮಗುವಿಗೆ ಕೊಡುವ ಕೈ ಹಿಂಜರಿಯುತ್ತದೆ.

ಹಾಗಾದರೆ ಏನು ಮಾಡುವುದು? ಆಸ್ಪತ್ರೆಯ ಬಾಕಿ, ಆ ಚಿಕಿತ್ಸೆಗೆಂದೇ ಮಾಡಿದ ಸಾಲ ಇದ್ದರೆ ಈ ಹಣದಿಂದ ತೀರಿಸಿ. ಅದೂ ಚಿಕಿತ್ಸೆಯೇ, ಸಂಕೋಚ ಬೇಡ. ಮಗನ ಮನೆ ಸಾಲದ ಕಂತಿಗೆ ಮಾತ್ರ ಬೇಡ. ಮಿಕ್ಕದ್ದನ್ನು, ಗುರುತು ಸಿಗುವವರಿಗೆಲ್ಲ ಲೆಕ್ಕ ಕಳಿಸಿ, ವಾಪಸು ಬೇಕೋ ಬೇರೆ ಮಗುವಿಗೆ ಕೊಡಲೋ ಎಂದು ಕೇಳಿ. ಉತ್ತರ ಬಾರದವರ ಹಣ ಇದೇ ಕಾಯಿಲೆಯ ಇನ್ನೊಂದು ಮಗುವಿಗೆ, ಆಸ್ಪತ್ರೆಯ ಖಾತೆಗೇ ಹೋಗಲಿ. ಇಂದ್ರನಿಗೆ ಇಟ್ಟ ಹವಿಸ್ಸು ಅಗ್ನಿಗೆ ಹೋದರೆ ಒಪ್ಪಬೇಕಾದವರು ಯಜಮಾನರು, ಅದಕ್ಕೇ ಕೇಳಿ ಅಂದೆ.

ಅನ್ನದಾನದ ನಿಧಿ ಇದರಿಂದ ಬೇಡ. ಬೇರೆಯವರ ದುಡ್ಡಲ್ಲಿ ನಿಮ್ಮ ಮನೆಯ ಹೆಸರು ಕಲ್ಲಿನ ಮೇಲೆ ಬರುತ್ತದೆ, ಅದು ಸರಿಹೋಗಲ್ಲ. ಆಸೆ ಇದ್ದರೆ ನಿಮ್ಮ ಸ್ವಂತ ಹಣದಲ್ಲಿ ಮಾಡಿ. ಮಗುವಿನ ಜನ್ಮನಕ್ಷತ್ರ ಬರುವ ದಿನ ಅಕ್ಕಪಕ್ಕದ ನಾಲ್ಕು ಮಕ್ಕಳನ್ನು ಕರೆದು ಪಾಯಸದ ಊಟ ಹಾಕಿದರೂ ಸಾಕು. ಸೊಸೆಗೆ ಆಗ ಅಳು ಬಂದರೆ ತಡೆಯಬೇಡಿ. ನಕ್ಷತ್ರ ಗೊತ್ತಿಲ್ಲದಿದ್ದರೆ ಹುಟ್ಟಿದ ದಿನ, ವೇಳೆ ಬರೆದು ಕಳಿಸಿ, ಪಂಚಾಂಗ ನೋಡಿ ತಿಳಿಸುತ್ತೇನೆ.