ಬೀದಿಯ ನೀರು ಯಾರದು?
ನ್ಯೂಯಾರ್ಕಿನ ಬಿರುಬೇಸಿಗೆಯಲ್ಲಿ ಎಷ್ಟೋ ಮಕ್ಕಳು ನೀರಾಟವಾಡುವುದು ಬೆಂಕಿ ಆರಿಸಲೆಂದು ಬೀದಿಬದಿ ನಿಲ್ಲಿಸಿದ ಹೈಡ್ರಂಟ್‌ಗಳ ಮುಂದೆ. ಅದನ್ನು ಸುಮ್ಮನೆ ತೆರೆದುಬಿಟ್ಟರೆ ನಿಮಿಷಕ್ಕೆ 1,000 ಗ್ಯಾಲನ್‌ಗೂ ಹೆಚ್ಚು ನೀರು ಹರಿದುಹೋಗುತ್ತದೆ. ಒತ್ತಡ ಕುಸಿದು, ಹತ್ತಿರದಲ್ಲೆಲ್ಲೋ ಬೆಂಕಿ ಬಿದ್ದರೆ ನೀರು ಸಾಲದಾಗಬಹುದು. ಹಾಗಾದರೆ ಮಕ್ಕಳ ಖುಷಿ ದೊಡ್ಡದೋ, ಕಾಣದವರ ಜೀವ ದೊಡ್ಡದೋ?

ಎರಡರಲ್ಲೊಂದನ್ನು ಆರಿಸಲೇಬೇಕು ಎಂಬುದನ್ನು ನಾನು ಒಪ್ಪುವುದಿಲ್ಲ. 18 ತುಂಬಿದವರು ಕೇಳಿದರೆ ಅಲ್ಲಿನ ಅಗ್ನಿಶಾಮಕ ಠಾಣೆ ನೀರು ಚಿಮುಕಿಸುವ ಮುಚ್ಚಳವನ್ನು ಉಚಿತವಾಗಿ ಒದಗಿಸುತ್ತದೆ. ಆಗ ಹರಿಯುವುದು ನಿಮಿಷಕ್ಕೆ 20ರಿಂದ 25 ಗ್ಯಾಲನ್ ಮಾತ್ರ.

ಬೀಗ ಜಡಿಯುವುದು ಸುಲಭ. ಆದರೆ ತಂಪನ್ನು ದುಡ್ಡು ಕೊಟ್ಟು ಕೊಳ್ಳಬಲ್ಲವರಿಗೆ ಆ ಬೀಗದ ಬಿಸಿ ತಟ್ಟುವುದೇ ಇಲ್ಲ. ಎಲ್ಲರ ಸ್ವತ್ತನ್ನು ಕಾಯುವುದೆಂದರೆ ಯಾರಿಗೂ ಮುಟ್ಟಗೊಡದಿರುವುದಲ್ಲ. ಎಲ್ಲರಿಗೂ ಉಳಿಯುವ ಅಳತೆಯಲ್ಲಿ ಹಂಚುವುದು.