ಛತ್ರದ ಯಜಮಾನನನ್ನು ಮರೆತೆವೇ?



ಕೆಲವು ತಿಂಗಳ ಹಿಂದೆ, ಭಾನುವಾರದ ಬಲಿಪೂಜೆ ಮುಗಿದ ಮೇಲೆ, ದೇವಾಲಯದ ಅಂಗಳದಲ್ಲಿ ಒಬ್ಬ ದಾದಿ ನನಗಾಗಿ ಕಾದು ನಿಂತಿದ್ದರು. ಅವರು ಹೇಳಿದ್ದು ಪಾಪನಿವೇದನೆಯಲ್ಲ. ಅವರ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇನೆ. ತಪಾಸಣೆಗೆ ಬಂದ ಆರು ತಿಂಗಳ ಬಸುರಿಯೊಬ್ಬಳ ಸೆರಗಿನ ಗಂಟಿನಲ್ಲಿ ತಂಬಾಕಿನ ಚೀಟಿ ಕಂಡಿತಂತೆ. ಎಲ್ಲರೆದುರಿಗೇ "ನೀನೂ ಒಬ್ಬಾಕಿ ತಾಯೇನು?" ಎಂದು ಗದರಿಸಿದರಂತೆ. ಆಕೆ ಮುಂದಿನ ತಪಾಸಣೆಗಳಿಗೆ ಬರಲೇ ಇಲ್ಲ. ಬಂದದ್ದು ಎಂಟನೆಯ ತಿಂಗಳಲ್ಲಿ, ಹೆರಿಗೆ ನೋವಿನೊಂದಿಗೆ. ಕೂಸು ಉಳಿಯಿತು; ಆದರೆ ಅಂಗೈಯಷ್ಟೇ ಇತ್ತು. "ಫಾದರ್, ಕೂಸಿನ ಸಲುವಾಗಿ ಸಿಟ್ಟಾದೆ. ನಾ ಮಾಡಿದ್ದು ತಪ್ಪೇನ್ರಿ?" ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆಯನ್ನು ನಾನೊಬ್ಬನೇ ಹೊರಲಾರೆ. ಆದ್ದರಿಂದ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ವಾಸ್ತವವನ್ನು ನೋಡೋಣ. ಮಾದಕ ವ್ಯಸನವೆಂದೊಡನೆ ನಮಗೆ ದೂರದ ಮಹಾನಗರಗಳು ನೆನಪಾಗುತ್ತವೆ. ಆದರೆ ನಮ್ಮ ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ವ್ಯಸನವು ಅಡುಗೆಮನೆಯ ಗೂಡಿನಲ್ಲೇ ಕುಳಿತಿದೆ. ತಂಬಾಕನ್ನು ಕಪ್ಪಾಗುವಂತೆ ಹುರಿದು ಪುಡಿಮಾಡಿದ ಮಿಶ್ರಿಯಿಂದ ಹಲ್ಲುಜ್ಜುವ ಅಜ್ಜಿಯನ್ನು, ಎಲೆ ಅಡಿಕೆಯೊಂದಿಗೆ ತಂಬಾಕು ಮೆಲ್ಲುವ ಅತ್ತೆಯನ್ನು ನಾವೆಲ್ಲರೂ ಬಲ್ಲೆವು. 2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕ ಮಹಿಳೆಯರಲ್ಲಿ ಶೇಕಡ 14.2ರಷ್ಟು ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು; ಅವರಲ್ಲಿ ಬಹುಪಾಲು ಹೊಗೆಯಿಲ್ಲದ ತಂಬಾಕಿನವರು. ಹಸಿವು ತಡೆಯಲು, ಹಲ್ಲುನೋವು ಮರೆಯಲು, ದುಡಿತದ ದಣಿವು ನೀಗಲು ಆರಂಭವಾದದ್ದು ಬಿಡಲಾರದ ಚಟವಾಗುತ್ತದೆ. ಕೆಲವರ ಬಾಳಿನಲ್ಲಿ ಮದ್ಯವೂ ಸೇರಿಕೊಳ್ಳುತ್ತದೆ.

ಅಪಾಯವು ಸಣ್ಣದಲ್ಲ. ನಿಕೋಟಿನ್ ರಕ್ತನಾಳಗಳನ್ನು ಸಂಕುಚಿಸಿ, ಮಾಸಿನ ಮೂಲಕ ಕೂಸಿಗೆ ಹರಿಯುವ ರಕ್ತವನ್ನು ತಗ್ಗಿಸುತ್ತದೆ. ಕಡಿಮೆ ತೂಕ, ಅಕಾಲಿಕ ಹೆರಿಗೆ, ಕೆಲವೊಮ್ಮೆ ಗರ್ಭದಲ್ಲೇ ಮರಣ ಇದರ ಫಲ. ಮದ್ಯವು ಶಿಶುವಿನ ಮಿದುಳಿಗೆ ಮಾಡುವ ಹಾನಿಯನ್ನು 1973ರಲ್ಲಿ ಅಮೆರಿಕದ ವೈದ್ಯರು ಒಂದು ಪ್ರತ್ಯೇಕ ಕಾಯಿಲೆಯಾಗಿ ಗುರುತಿಸಿ ಹೆಸರಿಟ್ಟರು. ಗರ್ಭಿಣಿಗೆ ಇಷ್ಟು ಮದ್ಯ ನಿರಪಾಯ ಎಂಬ ಮಿತಿಯೇ ಇಲ್ಲ. ಆದ್ದರಿಂದ ಆ ದಾದಿಯ ಸಿಟ್ಟಿಗೆ ಕಾರಣವಿತ್ತು. ಮಾತನಾಡಲಾರದ ಜೀವದ ಪರವಾಗಿ ಅವರು ಮಾತನಾಡಿದ್ದರು.

ಹಾಗಾದರೆ ತಪ್ಪಾದದ್ದೆಲ್ಲಿ? ಕೂಸನ್ನು ಕಾಪಾಡಲು ತಾಯಿಯ ವಿರುದ್ಧ ನಿಲ್ಲಬೇಕೆಂದು ಭಾವಿಸಿದ್ದರಲ್ಲಿ. ಗರ್ಭದಲ್ಲಿರುವ ಕೂಸನ್ನು ತಲುಪಲು ತಾಯಿಯ ಹೊರತು ಬೇರೆ ದಾರಿಯಿಲ್ಲ. ಆಕೆಯ ಬಾಯಿ ಮುಚ್ಚಿದರೆ ಆ ದಾರಿಯೂ ಮುಚ್ಚುತ್ತದೆ.

ಇದಕ್ಕೊಂದು ದೊಡ್ಡ ನಿದರ್ಶನವುಂಟು. ಅಮೆರಿಕದ ಚಾರ್ಲ್‌ಸ್ಟನ್ ನಗರದ ಸಾರ್ವಜನಿಕ ಆಸ್ಪತ್ರೆಯೊಂದು 1989ರಲ್ಲಿ, ಕೊಕೇನ್ ಸೇವನೆಯ ಶಂಕೆಯಿದ್ದ ಗರ್ಭಿಣಿಯರ ಮೂತ್ರ ಪರೀಕ್ಷಿಸಿ ಫಲಿತಾಂಶವನ್ನು ಪೊಲೀಸರಿಗೆ ನೀಡತೊಡಗಿತು. ಕೆಲವರನ್ನು ಹೆರಿಗೆಯ ಬೆನ್ನಲ್ಲೇ ಬಂಧಿಸಲಾಯಿತು. ಉದ್ದೇಶ ಕೂಸಿನ ರಕ್ಷಣೆಯೇ ಆಗಿತ್ತು. ಆದರೆ ಬಂಧನದ ಭಯವಿದ್ದರೆ ಇಂಥ ತಾಯಂದಿರು ಆಸ್ಪತ್ರೆಯಿಂದಲೇ ದೂರ ಉಳಿಯುತ್ತಾರೆಂದು ವೈದ್ಯರ ಸಂಘಟನೆಗಳು ಎಚ್ಚರಿಸಿದವು. 2001ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು, ಒಪ್ಪಿಗೆಯಿಲ್ಲದೆ ಹೀಗೆ ಪರೀಕ್ಷಿಸುವುದು ಸಂವಿಧಾನಬಾಹಿರವೆಂದು ತೀರ್ಪಿತ್ತಿತು. ದಾದಿಯು ಪೊಲೀಸಳಾದ ದಿನ ರೋಗಿಯು ಸುಳ್ಳು ಹೇಳಲು ಕಲಿಯುತ್ತಾಳೆ. ನಮ್ಮಲ್ಲಿ ಪೊಲೀಸರು ಬರಬೇಕಾಗಿಲ್ಲ. ಸಾಲಿನಲ್ಲಿ ನಿಂತ ಹತ್ತು ಜನರ ನೋಟವೇ ಸಾಕು.

"ಹಾಗಾದರೆ ತಪ್ಪನ್ನು ತಪ್ಪೆನ್ನಬಾರದೇ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಪಾಯವನ್ನು ಮರೆಮಾಚುವುದು ಕರುಣೆಯಲ್ಲ; ಅದು ಕೂಸಿಗೆ ಬಗೆಯುವ ದ್ರೋಹ. ಆದರೆ ಸತ್ಯವನ್ನು ಹೇಳುವುದು ಬೇರೆ, ವ್ಯಕ್ತಿಯನ್ನು ತೀರ್ಮಾನಿಸುವುದು ಬೇರೆ. ಅಭ್ಯಾಸಬಲವು ಮನುಷ್ಯನ ಹೊಣೆಗಾರಿಕೆಯನ್ನು ತಗ್ಗಿಸಬಲ್ಲದೆಂದು ನಮ್ಮ ಧರ್ಮಸಭೆಯ ಧರ್ಮೋಪದೇಶವೂ ಒಪ್ಪುತ್ತದೆ. ಮೇಲಾಗಿ, ವಿಪರೀತ ಮದ್ಯಪಾನಕ್ಕೆ ಒಗ್ಗಿದ ಶರೀರವು ಅದನ್ನು ಥಟ್ಟನೆ ಬಿಟ್ಟರೆ ಫಿಟ್ಸ್ ಬಂದು ಪ್ರಾಣಕ್ಕೇ ಸಂಚಕಾರವಾಗಬಹುದು. ವೈದ್ಯರ ನಿಗಾ ಬೇಕೇ ಬೇಕು. "ಇಂದೇ ಬಿಡು" ಎಂಬ ಆಜ್ಞೆ ಎಲ್ಲೆಡೆಯೂ ಮದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2014ರಲ್ಲಿ ಹೊರತಂದ ಮಾರ್ಗಸೂಚಿಯು, ಪ್ರತಿಯೊಬ್ಬ ಗರ್ಭಿಣಿಯನ್ನೂ ಪ್ರತಿ ಭೇಟಿಯಲ್ಲೂ ಮದ್ಯ ಮಾದಕಗಳ ಬಗ್ಗೆ ಕೇಳಬೇಕೆನ್ನುತ್ತದೆ. ಎಲ್ಲರನ್ನೂ ಕೇಳಿದಾಗ ಯಾರೂ ಕಳಂಕಿತರಾಗುವುದಿಲ್ಲ.

ಇಲ್ಲಿ ನನ್ನ ಚಿಂತನೆ ಆ ದಾದಿಯತ್ತ ತಿರುಗುತ್ತದೆ. ಸದಯ ಸಮಾರಿತನ ಸಾಮತಿಯನ್ನು ಮೂವತ್ತು ವರ್ಷಗಳಿಂದ ಬೋಧಿಸಿದ್ದೇನೆ. ದಾಟಿಹೋದ ಯಾಜಕನನ್ನು ಟೀಕಿಸಿದ್ದೇನೆ, ಸಮಾರಿತನನ್ನು ಕೊಂಡಾಡಿದ್ದೇನೆ. ಆದರೆ ಛತ್ರದ ಯಜಮಾನನ ಬಗ್ಗೆ ಒಂದು ಮಾತನ್ನೂ ಆಡಿದ ನೆನಪಿಲ್ಲ. ಸಮಾರಿತನು ಮರುದಿನ ಹೊರಟುಹೋದನು. ಅನಂತರ ಗಾಯ ತೊಳೆದವನು, ನರಳಾಟ ಕೇಳಿದವನು ಆ ಯಜಮಾನನೇ ಅಲ್ಲವೇ? ಆದರೆ ಸಮಾರಿತನು ಅವನನ್ನು ಬರಿಗೈಯಲ್ಲಿ ಬಿಡಲಿಲ್ಲ. ಎರಡು ಬೆಳ್ಳಿ ನಾಣ್ಯ ಕೊಟ್ಟನು. ಹೆಚ್ಚು ಖರ್ಚಾದರೆ ಹಿಂದಿರುಗಿ ಬಂದು ತೀರಿಸುವೆನೆಂದನು. ಆರೈಕೆ ಮಾಡುವವರನ್ನೂ ಆರೈಕೆ ಮಾಡುವುದು ಆ ಸಾಮತಿಯ ಅರ್ಧ ಪಾಠ.

ನಮ್ಮ ಅವಳಿನಗರದ ಛತ್ರಗಳನ್ನು ನೋಡಿ. 1957ರಲ್ಲಿ ಆರಂಭವಾದ, ಜನ ಇಂದಿಗೂ ಕಿಮ್ಸ್ ಎನ್ನುವ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಗೆ ಗದಗ, ಹಾವೇರಿ, ಕೊಪ್ಪಳಗಳಿಂದಲೂ ಗರ್ಭಿಣಿಯರು ಬರುತ್ತಾರೆ. ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆಯಿದೆ. ತಾಯಿ ಕಾರ್ಡ್ ಹಿಡಿದು ಮನೆಮನೆ ಸುತ್ತುವ ಆಶಾ ಕಾರ್ಯಕರ್ತೆಯರಿದ್ದಾರೆ. ಹೆರಿಗೆ ವಾರ್ಡಿಗೂ ವ್ಯಸನ ಚಿಕಿತ್ಸೆಗೂ ನಡುವಿನ ದಾರಿಯನ್ನು ರೋಗಿಯ ಕೈಹಿಡಿದು ದಾಟಿಸಬೇಕಾದವರು ಇವರೇ. ಅದಕ್ಕೆ ತರಬೇತಿ ಬೇಕು, ಪರದೆಯೆಳೆದು ಮಾತನಾಡುವಷ್ಟು ಸ್ಥಳ ಬೇಕು, ಹತ್ತು ನಿಮಿಷದ ಬಿಡುವು ಬೇಕು. ಅಂಗೈಯಷ್ಟು ಕೂಸನ್ನು ಎತ್ತಿಕೊಂಡ ರಾತ್ರಿ, ತನ್ನ ಸಿಟ್ಟನ್ನೂ ಅಳುವನ್ನೂ ಹೇಳಿಕೊಳ್ಳಲು ಒಬ್ಬರು ಬೇಕು. ಹೇಳಿಕೊಳ್ಳಲಾಗದ ದುಃಖವೇ ಮರುದಿನ ಗದರಿಕೆಯಾಗಿ ಹೊರಬರುತ್ತದೆ.

ನಾವೇನು ಮಾಡಬಲ್ಲೆವು? ನಮ್ಮ ಮನೆಯ ಬಸುರಿ ತಂಬಾಕು ಬಿಡಬೇಕಾದರೆ ಮನೆಯ ಡಬ್ಬಿಯೇ ಮೊದಲು ಖಾಲಿಯಾಗಲಿ. ಗಂಡನೂ ಅತ್ತೆಯೂ ಜೊತೆಯಲ್ಲಿ ಬಿಡಲಿ. ತಪಾಸಣೆಗೆ ಆಕೆಯೊಂದಿಗೆ ಒಬ್ಬರು ಹೋಗಲಿ. ತಂಬಾಕು ಬಿಡಲು 1800-11-2356, ಮನಸ್ಸಿನ ನೋವಿಗೆ ಟೆಲಿಮಾನಸ್‌ನ 14416 ಎಂಬ ಉಚಿತ ದೂರವಾಣಿಗಳಿವೆ. ದಾದಿಯರೂ 14416ಕ್ಕೆ ಕರೆಮಾಡಬಹುದು. ನೆರೆಯಲ್ಲಿ ದಾದಿಯಿದ್ದರೆ, ರಾತ್ರಿ ಪಾಳಿ ಮುಗಿಸಿ ಬಂದ ಬೆಳಿಗ್ಗೆ ಅವರ ಮಕ್ಕಳನ್ನು ಶಾಲೆಗೆ ಬಿಟ್ಟು ಬನ್ನಿ. ಇವು ನಮ್ಮ ಎರಡು ನಾಣ್ಯಗಳು.

ಆ ದಾದಿಗೆ ನಾನು ಹೇಳಿದ್ದಿಷ್ಟೇ: "ನಿಮ್ಮ ಪ್ರೀತಿ ತಪ್ಪಲ್ಲ, ಅದು ಆಡಿದ ಮಾತು ತಪ್ಪು. ಪ್ರೀತಿಯನ್ನು ಬಿಡಬೇಡಿ, ಮಾತನ್ನು ತಿದ್ದಿಕೊಳ್ಳಿ." ಅಂದು, ಆ ಗದರಿಕೆಯಿಂದಲೇ ಹೀಗಾಯಿತೆಂದು ಅವರಾಗಲಿ ನಾನಾಗಲಿ ಹೇಳಲಾರೆವೆಂಬುದನ್ನೂ ನೆನಪಿಸಿದೆ.

ಕಳೆದ ತಿಂಗಳು ಮತ್ತೆ ಭೇಟಿಯಾದರು. ಈಗ ಪ್ರತಿಯೊಬ್ಬ ಬಸುರಿಯನ್ನೂ ಪಕ್ಕಕ್ಕೆ ಕರೆದು ಕೇಳುತ್ತಾರಂತೆ: "ಮಿಶ್ರಿ ಹಚ್ಚತೀಯೇನವ್ವಾ? ನಮ್ಮವ್ವನೂ ಹಚ್ಚತಿದ್ಲು." ಎರಡನೆಯ ಮಾತು ಕೇಳಿದ ಮೇಲೆ ಹಲವರು ತಲೆ ಎತ್ತಿ ಉತ್ತರಿಸುತ್ತಾರಂತೆ.