ಯಾತ್ರೆಯಲ್ಲಿ ವ್ರತವೂ ದೇಹರಕ್ಷಣೆಯೂ

ಮನೆಯಲ್ಲಿದ್ದು ವ್ರತಗಳನ್ನು ಪಾಲಿಸುವುದು ಸುಲಭ. ಬಾವಿಯ ನೀರು, ಅದನ್ನು ಶೋಧಿಸುವ ವಸ್ತ್ರ, ಹೊತ್ತಿಗೆ ಸರಿಯಾದ ಊಟ ಎಲ್ಲವೂ ಕೈಗೆಟಕುವಲ್ಲಿರುತ್ತವೆ. ಶ್ರಾವಕನು ಯಾತ್ರೆಗೆ ಹೊರಟಾಗಲೇ ಅವನ ವ್ರತಕ್ಕೂ ದೇಹಕ್ಕೂ ಒಟ್ಟಿಗೆ ಪರೀಕ್ಷೆ. ಸೋಂದೆಯ ಜೈನಮಠ, ಬಿಳಗಿಯ ರತ್ನತ್ರಯ ಬಸದಿ, ಬನವಾಸಿ ಎಂದು ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಸಂಚರಿಸುವ ಬಯಲುಸೀಮೆಯ ಯಾತ್ರಿಕರು ಇದನ್ನು ಅನುಭವದಿಂದ ಬಲ್ಲರು. ದರ್ಶನದ ಉತ್ಸಾಹದಲ್ಲಿ ಬಂದವರು ಜ್ವರ, ವಾಂತಿ, ಭೇದಿಗಳನ್ನು ಹೊತ್ತು ಹಿಂದಿರುಗುವುದುಂಟು.

ಮೊದಲನೆಯದು ನೀರು. ಶೋಧಿಸಿದ ನೀರು ಒಂದು ಮುಹೂರ್ತದವರೆಗೆ, ಲವಂಗಾದಿಗಳಿಂದ ಪ್ರಾಸುಕ ಮಾಡಿದ್ದು ಎರಡು ಪ್ರಹರ, ಚೆನ್ನಾಗಿ ಕಾಯಿಸಿದ್ದು ಎಂಟು ಪ್ರಹರ ಎಂಬುದು ಶ್ರಾವಕಾಚಾರದ ಮರ್ಯಾದೆ. ಹೊಳೆಯ ನೀರು ಸ್ಫಟಿಕದಂತೆ ಕಂಡಿತೆಂದು ಬಟ್ಟೆಯಲ್ಲಿ ಸೋಸಿ ಕುಡಿದರೆ ಸಾಲದು. ರೋಗಾಣುಗಳು ಬಟ್ಟೆಯ ಎಳೆಗಳ ನಡುವೆ ಸುಲಭವಾಗಿ ನುಸುಳುತ್ತವೆ. ಕುದಿಸಿ ಆರಿಸಿದ ನೀರನ್ನು ತಂಬಿಗೆಯಲ್ಲಿ ಒಯ್ಯುವುದೇ ವ್ರತಕ್ಕೂ ಆರೋಗ್ಯಕ್ಕೂ ಕ್ಷೇಮ. ಭೇದಿ ಹಿಡಿದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಮೆಲ್ಲಮೆಲ್ಲನೆ ಕುಡಿಸಬೇಕು.

ಎರಡನೆಯದು ನಡಿಗೆ. ಮುನಿಗಳಿಗೆ ವಿಧಿಸಿದ ಈರ್ಯಾಸಮಿತಿ, ಎಂದರೆ ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ನಡೆಯುವ ಎಚ್ಚರ, ಈ ಕಾಡುದಾರಿಗಳಲ್ಲಿ ಗೃಹಸ್ಥನಿಗೂ ಅತ್ಯಗತ್ಯ. ಮಳೆಗಾಲದಲ್ಲಿ ಉಂಬಳಗಳು ಕಾಲಿಗೆ ಹತ್ತುತ್ತವೆ. ಹತ್ತಿದ ಕೂಡಲೇ ಉಪ್ಪು ಸುರಿಯುವವರಿದ್ದಾರೆ. ಉಂಬಳ ದ್ವೀಂದ್ರಿಯ ಜೀವ. ಉಪ್ಪು ಅದಕ್ಕೆ ಯಾತನೆಯ ಮರಣ. ಅದರ ಬಾಯಿ ಚರ್ಮಕ್ಕೆ ಅಂಟಿದಲ್ಲಿ ಉಗುರನ್ನು ಅಡ್ಡ ಹಾಯಿಸಿ ಸರಿಸಿದರೆ ತಾನೇ ಬಿಡುತ್ತದೆ. ಎತ್ತಿ ತೇವದ ಎಲೆಯ ಮೇಲಿಟ್ಟು, ಗಾಯವನ್ನು ತೊಳೆದು ಒತ್ತಿ ಹಿಡಿದರಾಯಿತು.

ಉಣುಗಿನ ವಿಷಯ ಇಷ್ಟು ಹಗುರವಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆ ಹರಡುವುದು ಈ ಕ್ಷುದ್ರ ಜೀವಿಯಿಂದಲೇ. 2024ರ ಆರಂಭದಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಅದು ಪ್ರಾಣಹಾನಿಯನ್ನೂ ಉಂಟುಮಾಡಿತು. ಚಳಿಗಾಲದಿಂದ ಬೇಸಿಗೆಯ ಕೊನೆಯವರೆಗೆ, ಸರಿಯಾಗಿ ಯಾತ್ರೆಯ ದಿನಗಳಲ್ಲೇ, ಇದರ ಭಯ ಹೆಚ್ಚು. ಹಿಂದೆ ಕೊಡುತ್ತಿದ್ದ ಲಸಿಕೆಯ ಬಳಕೆಯೂ ನಿಂತುಹೋಗಿದೆ. ಆದ್ದರಿಂದ ಒಣಗಿದ ಎಲೆಯ ರಾಶಿಯ ಮೇಲೆ ಕುಳಿತು ವಿಶ್ರಮಿಸಬಾರದು. ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆಯವರು ಹಂಚುವ ಡೀಪಾ ತೈಲವನ್ನು ಕೈಕಾಲಿಗೆ ಹಚ್ಚಿ ಹೊರಡಬೇಕು. ಸಂಜೆ ಬಿಸಿನೀರಿನ ಸ್ನಾನವಾಗಬೇಕು. ಮಂಗ ಸತ್ತುಬಿದ್ದ ಕಡೆಗೆ ಹೋಗಲೇಬಾರದು. ಉಣುಗನ್ನು ಬರಿಗೈಯಿಂದ ಹೊಸಕುವುದು ಹಿಂಸೆಯೂ ಹೌದು, ಅಪಾಯವೂ ಹೌದು. ಚಿಮಟದಿಂದ ನೇರವಾಗಿ ಎಳೆದು ತೆಗೆಯಬೇಕು. ತೈಲ ಹಚ್ಚುವುದರಲ್ಲಿ ಜೀವದ್ವೇಷವೇನಿದೆಯೆಂದು ಶಂಕಿಸುವವರಿಗೆ ಹೇಳಬೇಕಾದದ್ದಿಷ್ಟೆ: ಹತ್ತಿದ ಮೇಲೆ ಕೊಲ್ಲುವುದಕ್ಕಿಂತ ಹತ್ತದಂತೆ ತಡೆಯುವುದೇ ಅಹಿಂಸೆಗೆ ಸಮೀಪ. ಮನೆಗೆ ಮರಳಿದ ಮೇಲೆ ಒಮ್ಮೆಲೇ ಜ್ವರ, ತಲೆನೋವು, ಮೈಕೈನೋವು ಬಂದರೆ ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಮುಚ್ಚಿಡದೆ ತಿಳಿಸತಕ್ಕದ್ದು.

ರಾತ್ರಿಭೋಜನತ್ಯಾಗವು ಘಟ್ಟದ ದಾರಿಯಲ್ಲಿ ವರವೇ ಸರಿ. ಅಂಕೋಲೆಯಿಂದ ಅರಬೈಲು ಘಟ್ಟವನ್ನೋ ಕುಮಟೆಯಿಂದ ದೇವಿಮನೆ ಘಟ್ಟವನ್ನೋ ಹೊಟ್ಟೆ ಬಿರಿಯ ಉಂಡು ಹತ್ತಿದವನ ಪಾಡನ್ನು ಬಸ್ಸಿನ ಸಹಪ್ರಯಾಣಿಕರು ವರ್ಣಿಸಬಲ್ಲರು! ಸೂರ್ಯಾಸ್ತಕ್ಕೆ ಎರಡು ಘಳಿಗೆ ಮೊದಲೇ ಮಿತವಾಗಿ ಉಂಡವನಿಗೆ ತಿರುವುಗಳ ಬಾಧೆ ಕಡಿಮೆ. ಬಸ್ಸು ತಡವಾದೀತೆಂದು ಅವಲಕ್ಕಿ, ಕೊಬ್ಬರಿ, ಬಾಳೆಹಣ್ಣು ಚೀಲದಲ್ಲಿರಲಿ. ಶಿರಸಿಯ ಪೇಟೆಯಲ್ಲಿ ಜೇನುತುಪ್ಪ ದೊರೆಯುತ್ತದೆ. ಮಧುತ್ಯಾಗಿಗೆ ಆ ಸೀಮೆಯ ಜೋನಿಬೆಲ್ಲವೇ ಸಾಕು.

ಇನ್ನು ದೇಶವ್ರತ. ತತ್ತ್ವಾರ್ಥಸೂತ್ರವು ಇದನ್ನು ಗುಣವ್ರತಗಳಲ್ಲಿ ಎಣಿಸಿದರೆ, ಸಮಂತಭದ್ರಾಚಾರ್ಯರು ದೇಶಾವಕಾಶಿಕವೆಂಬ ಹೆಸರಿನಿಂದ ಶಿಕ್ಷಾವ್ರತಗಳಲ್ಲಿ ಸೇರಿಸಿದ್ದಾರೆ. ಗುರಿ ಮಾತ್ರ ಒಂದೇ. ಇಂದು ಇಲ್ಲಿಯವರೆಗೆ, ಇದರಾಚೆಗಿಲ್ಲ ಎಂಬ ನಿಯಮವದು. ಒಂದೇ ದಿನದಲ್ಲಿ ಸೋಂದೆ, ಬಿಳಗಿ, ಬನವಾಸಿ, ಜೋಗ, ಮಾಗೋಡುಗಳನ್ನೆಲ್ಲ ಮುಗಿಸುವ ಹಟದಲ್ಲಿ ಜಿನಬಿಂಬದ ಮುಂದೆ ಕ್ಷಣಕಾಲ ನಿಲ್ಲಲೂ ಬಿಡುವಿಲ್ಲದವರು ಈ ವ್ರತವನ್ನು ಮರೆತವರು. ದಣಿದ ದೇಹ ರೋಗಕ್ಕೆ ಬೇಗ ಮಣಿಯುತ್ತದೆ.

ಉಪವಾಸದಲ್ಲಿಯೂ ಹೀಗೆಯೇ. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸಿಗೆ ಶಕ್ತಿಯ ಮಿತಿಯನ್ನು ಆಚಾರ್ಯರೇ ಹೇಳಿದ್ದಾರೆ. ಮಧುಮೇಹಕ್ಕೆ ಔಷಧ ಸೇವಿಸುವ ವೃದ್ಧೆಯೊಬ್ಬಳು ಚತುರ್ದಶಿಯೆಂದು ನಿರಾಹಾರದಿಂದ ದಿನವಿಡೀ ಪ್ರಯಾಣ ಮಾಡಿದರೆ ಸಕ್ಕರೆಯ ಅಂಶ ಕುಸಿದು ಮೂರ್ಛೆ ಬರಬಹುದು. ಆಗ ಸಂಘವೇ ನಿಲ್ಲಬೇಕು, ಆಕೆಯ ಪ್ರಾಣವೂ ಸಂಶಯದಲ್ಲಿ. ಅಂಥವರು ಹೊರಡುವ ಮುನ್ನವೇ ವೈದ್ಯರನ್ನು ಕೇಳಿ, ಪ್ರಯಾಣದ ದಿನಗಳಿಗೆ ರಸತ್ಯಾಗವನ್ನೋ ಅವರು ಒಪ್ಪುವ ಬೇರೊಂದು ಲಘು ನಿಯಮವನ್ನೋ ಗುರುಗಳ ಮುಂದೆ ಸ್ವೀಕರಿಸಲಿ. ಜೊತೆಗೆ ಬಂದ ಕಿರಿಯರು ಆಕೆಯ ಔಷಧದ ಹೊತ್ತನ್ನು ನೆನಪಿಡಲಿ. ಔಷಧದಾನವೂ ಚತುರ್ವಿಧ ದಾನಗಳಲ್ಲೊಂದು.